ಮಾಡಿನ ಸಂದಿಗೆ ಯಾವ ಲೋಹ?



ನಾಶಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ಉಡುಪಿ ಹೋಟೆಲು ಹುಡುಕಲು ಕಷ್ಟಪಡಬೇಕಾಗಿಲ್ಲ. ಗಲ್ಲೆಯ ಮೇಲೆ ಕೂತವರನ್ನು ಕನ್ನಡದಲ್ಲಿ ಮಾತಾಡಿಸಿದರೆ ಕುಂದಾಪುರ, ಬೈಂದೂರು, ಕಾಪು, ಮೂಲ್ಕಿ ಎಂದು ಊರಿನ ಹೆಸರು ಬರುತ್ತದೆ. ಮಾತು ಸ್ವಲ್ಪ ಮುಂದುವರಿದರೆ ಊರಲ್ಲಿ ಕಟ್ಟಿಸುತ್ತಿರುವ ಮನೆಯ ಸುದ್ದಿ ಬರುತ್ತದೆ. ಮೂವತ್ತು ನಲವತ್ತು ವರ್ಷ ಘಟ್ಟದ ಮೇಲೆ ದುಡಿದವರು ಸಮುದ್ರದ ಬದಿಗೆ ಮರಳುವ ತಯಾರಿಯಲ್ಲಿರುತ್ತಾರೆ. ಮನೆಯ ಉಸ್ತುವಾರಿ ಎಲ್ಲ ಫೋನಿನಲ್ಲೇ. ಕಂಟ್ರಾಕ್ಟರು ಕಳಿಸಿದ ಎಸ್ಟಿಮೇಟನ್ನು ಮುಂದಿಟ್ಟು ಅವರು ಕೇಳುವುದು ಹೀಗೆ: "ಅಲ್ಲ ಮಾರಾಯ್ರೆ, ಇಲ್ಲಿ ಸಂಭಾಜಿನಗರದ ಹತ್ತಿರ ವಾಳೂಜಿನ ಫ್ಯಾಕ್ಟರಿ ಶೆಡ್ಡುಗಳಿಗೆಲ್ಲ ಜಿಐ ತಗಡೇ ಅಲ್ವಾ? ಇಪ್ಪತ್ತು ವರ್ಷ ಆದ್ರೂ ಹಾಗೇ ಉಂಟು. ಊರಿನ ಮನೆಗೆ ಅದೇ ತಗಡು ಯಾಕೆ ಸಾಲ್ದು?"

ಈ ಪ್ರಶ್ನೆಗೆ ಉತ್ತರ ಕೊಡುವುದೇ ಇವತ್ತಿನ ಮಾತು. ಇಡೀ ಮಾಡಿನ ಬಗ್ಗೆ ನಾನು ಮಾತಾಡುವುದಿಲ್ಲ, ಮಾಡಿನ ಸಂದುಗಳ ಬಗ್ಗೆ ಮಾತ್ರ. ಮಾಡು ಗೋಡೆಗೆ ತಾಗುವ ಜಾಗ, ಎರಡು ಇಳಿಜಾರುಗಳು ಕೂಡುವ ಒಳಮೂಲೆ, ಮಾಡಿನ ನೆತ್ತಿ, ಸೋಲಾರಿನ ಪೈಪು ತೂರಿ ಬರುವ ತೂತು, ಇಲ್ಲೆಲ್ಲ ನೀರು ಒಳಗಿಳಿಯದಂತೆ ಮಡಚಿ ಕೂರಿಸುವ ತಗಡಿನ ಪಟ್ಟಿಗೆ ಕೆಲಸದವರು ಫ್ಲಾಶಿಂಗ್ ಎನ್ನುತ್ತಾರೆ. ಸೋರುವ ಮನೆಯ ಮಾಡು ಹತ್ತಿ ನೋಡಿದವರಿಗೆ ಗೊತ್ತು: ಹಂಚಿನ ಅಥವಾ ಶೀಟಿನ ನಟ್ಟನಡುವೆ ಸೋರುವುದು ಅಪರೂಪ. ಸೋರುವುದು ಸಂದಿನಲ್ಲಿ. ಆದರೆ ಎಸ್ಟಿಮೇಟಿನಲ್ಲಿ ಹಂಚಿಗೆ, ಶೀಟಿಗೆ, ಕಬ್ಬಿಣಕ್ಕೆ ಬೇರೆ ಬೇರೆ ಸಾಲು ಇರುತ್ತದೆ. ಫ್ಲಾಶಿಂಗ್ "ಇತರೆ" ಎಂಬ ಕೊನೆಯ ಸಾಲಿನಲ್ಲಿ ಅಡಗಿ ಕೂತಿರುತ್ತದೆ.

ಸಂದೇ ಇಲ್ಲದ ಮಾಡನ್ನು ನೋಡಬೇಕೆಂದರೆ ಸಂಭಾಜಿನಗರದಿಂದ ಮೂವತ್ತು ಕಿಲೋಮೀಟರಿನಷ್ಟು ದೂರದ ಎಲ್ಲೋರಕ್ಕೆ ಹೋಗಬೇಕು. ಅಲ್ಲಿನ 16ನೇ ಗುಹೆ, ಅಂದರೆ ಕೈಲಾಸ ದೇವಾಲಯ, 8ನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದು, ಶಿಖರದಿಂದ ಅಧಿಷ್ಠಾನದವರೆಗೆ ಒಂದೇ ಕಲ್ಲಿನಲ್ಲಿ ತೆಗೆದಿದ್ದಾರೆ. ಕಲ್ಲಿಗೆ ಕಲ್ಲು ಜೋಡಿಸಿಲ್ಲವಾದ್ದರಿಂದ ಮುಚ್ಚಬೇಕಾದ ಸಂದೂ ಇಲ್ಲ. ಹಾಗಿದ್ದೂ ನೀರು ಬಿಟ್ಟಿಲ್ಲ. ಬಂಡೆಯ ಹುಟ್ಟು ಬಿರುಕುಗಳಲ್ಲಿ ಮಳೆನೀರು ಜಿನುಗುವುದು ಎಲ್ಲೋರ, ಅಜಂತಾಗಳ ಸಂರಕ್ಷಣೆಯವರಿಗೆ ಹಳೆಯ ತಲೆನೋವು.

ಕಲ್ಲು ಜೋಡಿಸಿ ಕಟ್ಟಿದವರು ಏನು ಮಾಡಿದರು ಎಂಬುದಕ್ಕೆ ಐಹೊಳೆಗೆ ಬನ್ನಿ. ಬಾದಾಮಿ ಚಾಲುಕ್ಯರ ಲಾಡಖಾನ್ ಗುಡಿಯ ಮಾಡು ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳದ್ದು. ಎರಡು ಚಪ್ಪಡಿಗಳ ನಡುವಿನ ಸಂದಿನ ಮೇಲೆ ಮರದ ತೊಲೆಯಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಮಳೆನೀರು ಆ ಪಟ್ಟಿಯ ಬೆನ್ನಿನಿಂದ ಜಾರಿ ಚಪ್ಪಡಿಯ ಮೇಲೆ ಬೀಳುತ್ತದೆ, ಸಂದಿನೊಳಕ್ಕೆ ಹೋಗುವುದಿಲ್ಲ. ಅಂಟು, ಮಯಣ, ಸೀಲೆಂಟು ಯಾವುದೂ ಇಲ್ಲ. ಮೇಲಿನದು ಕೆಳಗಿನದನ್ನು ಮುಚ್ಚಿರಬೇಕು ಎಂಬ ಒಂದೇ ನಿಯಮ. ಸಾವಿರಕ್ಕೂ ಹೆಚ್ಚು ವರ್ಷದ ಆ ನಿಯಮವೇ ಇವತ್ತಿನ ಅಲ್ಯೂಮಿನಿಯಂ ಪಟ್ಟಿಗೂ ಅನ್ವಯಿಸುತ್ತದೆ.

ಈಗ ವಾಳೂಜಿನ ತಗಡಿನ ಪ್ರಶ್ನೆಗೆ ಬರೋಣ. ಸಂಭಾಜಿನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದರ ಐದು ಪಟ್ಟು. ಮಳೆ ಹೆಚ್ಚು, ಆದ್ದರಿಂದ ತುಕ್ಕು ಹೆಚ್ಚು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ನಾಶಿಕ ಜಿಲ್ಲೆಯಲ್ಲೇ ಇಗತ್‌ಪುರಿ ಎಂಬ ಊರಿದೆ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಅಲ್ಲಿ ಮಳೆ ಮೂರು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಸುರಿಯುತ್ತದೆ. ಮಳೆಯೊಂದೇ ಕಾರಣವಾಗಿದ್ದರೆ ಇಗತ್‌ಪುರಿಯ ತಗಡು ಕುಂದಾಪುರದ ತಗಡಿನಷ್ಟೇ ಬೇಗ ಸಾಯಬೇಕಿತ್ತು. ಹಾಗಾಗುವುದಿಲ್ಲ. ಇಗತ್‌ಪುರಿ ಸಮುದ್ರದಿಂದ ಎಂಬತ್ತು ಕಿಲೋಮೀಟರಿಗೂ ಆಚೆ, ನಾಶಿಕ ನೂರು ಕಿಲೋಮೀಟರಿಗೂ ಆಚೆ, ಸಂಭಾಜಿನಗರ ಇನ್ನೂರೈವತ್ತಕ್ಕೂ ಆಚೆ. ಅಲೆ ಒಡೆದಾಗ ಗಾಳಿಗೆ ಏರುವ ಉಪ್ಪಿನ ಹನಿ ಅಷ್ಟು ದೂರ ಬರುವುದಿಲ್ಲ. ಅದರ ದೊಡ್ಡ ಪಾಲು ದಡದಿಂದ ಮೊದಲ ಕೆಲವು ನೂರು ಮೀಟರುಗಳಲ್ಲೇ ಇಳಿದುಬಿಡುತ್ತದೆ. ಒಳಗೆ ಹೋದಂತೆ ಬೇಗ ಬೇಗ ಕಡಿಮೆಯಾಗುತ್ತದೆ. ಮರವಂತೆಯಲ್ಲಿ ಕಡಲಿಗೆ ತಾಗಿದ ರಸ್ತೆಯ ಪಕ್ಕದ ಮನೆಗೂ ಕೊಲ್ಲೂರಿನ ದಾರಿಯಲ್ಲಿ ಹದಿನೈದು ಕಿಲೋಮೀಟರ್ ಒಳಗಿನ ಮನೆಗೂ ಒಂದೇ ಲೆಕ್ಕ ಹಾಕಬಾರದು ಎನ್ನುವುದು ಇದಕ್ಕೇ.

ಉಪ್ಪು ಲೋಹವನ್ನು ನೇರವಾಗಿ ತಿನ್ನುತ್ತದೆ ಎನ್ನುವುದಕ್ಕಿಂತ ಅದು ಲೋಹವನ್ನು ಒಣಗಲು ಬಿಡುವುದಿಲ್ಲ ಎನ್ನುವುದು ಸರಿ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡ 75 ದಾಟಿದರೆ ತಾನಾಗಿ ನೀರೂರುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಕರಾವಳಿಯಲ್ಲಿ ಬೇಸಿಗೆಯ ರಾತ್ರಿಯೂ ತೇವಾಂಶ ಅದಕ್ಕಿಂತ ಮೇಲೇ ಇರುತ್ತದೆ. ಅಂದರೆ ಹನಿ ಮಳೆಯಿಲ್ಲದ ಮಾರ್ಚ್ ತಿಂಗಳಲ್ಲೂ ನಿಮ್ಮ ಮಾಡಿನ ತಗಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಕೂತೇ ಇರುತ್ತದೆ. ಸಂಭಾಜಿನಗರದ ಏಪ್ರಿಲ್ ಬಿಸಿಲಲ್ಲಿ ತಗಡು ಕೈ ಸುಡುವಷ್ಟು ಕಾದರೂ ಒಣಗಿರುತ್ತದೆ. ಒಣಗಿದ ತಗಡಿಗೆ ತುಕ್ಕಿನ ಭಯವಿಲ್ಲ.

ಇದನ್ನು ಲೆಕ್ಕದಲ್ಲೂ ನೋಡಬಹುದು. ಗಾಳಿ ಲೋಹವನ್ನು ಎಷ್ಟು ಬೇಗ ಸವೆಸುತ್ತದೆ ಎಂಬುದನ್ನು ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನಕ ಸಿ1ರಿಂದ ಸಿ5ರವರೆಗೆ, ಅದಕ್ಕೂ ಮೇಲೆ ಸಿಎಕ್ಸ್ ಎಂದು ವಿಂಗಡಿಸಿದೆ. ಹೊಗೆ ಇಲ್ಲದ ಒಣ ಒಳನಾಡು ಸಾಮಾನ್ಯವಾಗಿ ಸಿ2. ಅಲ್ಲಿ ಜಿಐ ತಗಡಿನ ಮೇಲಿನ ಸತುವಿನ ಲೇಪ ವರ್ಷಕ್ಕೆ 0.1ರಿಂದ 0.7 ಮೈಕ್ರಾನ್ ಸವೆಯುತ್ತದೆ. ಅಲೆಯ ಬದಿಯ ಸಿ5ರಲ್ಲಿ ಅದೇ ಲೇಪ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್. ನಮ್ಮ ಐಎಸ್ 277 ಮಾನಕದ ಜಿಐ ತಗಡಿನಲ್ಲಿ 275 ದರ್ಜೆ ಎಂದರೆ ಎರಡೂ ಮುಖ ಸೇರಿ ಚದರ ಮೀಟರಿಗೆ 275 ಗ್ರಾಂ ಸತು. ಒಂದು ಮುಖಕ್ಕೆ ಸುಮಾರು 19 ಮೈಕ್ರಾನ್. ಭಾಗಿಸಿ ನೋಡಿ: ಒಣ ಒಳನಾಡಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ, ಅಲೆಯ ಬದಿಯಲ್ಲಿ ಎರಡರಿಂದ ಐದು ವರ್ಷ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು 120 ದರ್ಜೆಯ ತಗಡು. ಅದರ ಲೇಪ 275ರ ಅರ್ಧಕ್ಕೂ ಕಡಿಮೆ. ವಾಳೂಜಿನ ಇಪ್ಪತ್ತು ವರ್ಷದ ತಗಡು ಕಾಪುವಿನಲ್ಲಿ ಯಾಕೆ ಬಾಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಉಲ್ಟಾ ಕಾಣುತ್ತದೆ. ಮಳೆ ನೇರವಾಗಿ ಬೀಳುವ ಜಾಗಕ್ಕಿಂತ ಮಳೆ ತಾಗದ ಜಾಗದಲ್ಲೇ ಲೋಹ ಮೊದಲು ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ ಮಾಡಿನ ಮೇಲಿನ ಉಪ್ಪನ್ನು ತೊಳೆದು ಕೊಂಡೊಯ್ಯುತ್ತದೆ. ಸೂರಿನ ಅಡಿಭಾಗ, ಪಡಸಾಲೆಯ ಮೇಲೆ ಗೋಡೆಗೆ ತಾಗಿದ ಪಟ್ಟಿಯ ಒಳಮುಖ, ಸೂರಿನ ನೀರು ಹಿಡಿಯುವ ಹರಣಿಯ ಬೆನ್ನು ಇವುಗಳಿಗೆ ಆ ಸ್ನಾನವಿಲ್ಲ. ಅಲ್ಲಿ ಉಪ್ಪು ಕೂರುತ್ತಲೇ ಹೋಗುತ್ತದೆ. ಆದ್ದರಿಂದ ಲೋಹವನ್ನು ಆರಿಸುವಾಗ ಮಾಡಿನ ಅತಿ ಕೆಟ್ಟ ಮೂಲೆಯನ್ನು ಮನಸ್ಸಿನಲ್ಲಿಟ್ಟು ಆರಿಸಬೇಕು.

ಎರಡನೇ ಶತ್ರು ಹೊರಗಿನಿಂದ ಬರುವುದಲ್ಲ, ನಾವೇ ತಂದು ಕೂರಿಸುವುದು: ಒಂದಕ್ಕೊಂದು ಹೊಂದದ ಎರಡು ಲೋಹಗಳು. ಇದನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಾಲಯ ಬೇಡ. ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವುದನ್ನು ನೆನೆಸಿಕೊಳ್ಳಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂದಿದೆಯೇ ಎಂದು ನೋಡಲು ಹಿರಿಯರು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂತಿತು, ಅಷ್ಟೇ ಪ್ರಮಾಣದಲ್ಲಿ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಯಿತು. ಜಿಐ ಬಕೆಟಿನಲ್ಲಿ ಬೋರ್ಡೋ ಕೂಡಿಸಬೇಡ ಎಂದು ಮನೆಯಲ್ಲಿ ಗದರಿಸುವುದೂ ಇದಕ್ಕೇ. ಸತು ಕಬ್ಬಿಣಕ್ಕಿಂತಲೂ ಬೇಗ ಕರಗುತ್ತದೆ. ನಾಶಿಕದ ದ್ರಾಕ್ಷಿ ತೋಟಗಳಲ್ಲೂ ಬೂಜುರೋಗಕ್ಕೆ ಇದೇ ದ್ರಾವಣ ಹೊಡೆಯುತ್ತಾರೆ. ಅಲ್ಲಿನ ರೈತರಿಗೂ ಈ ಸಂಗತಿ ಹೊಸದಲ್ಲ.

ಈ ಕತ್ತಿಯ ಪರೀಕ್ಷೆಯೇ ನಿಮ್ಮ ಮಾಡಿನ ಮೇಲೆ ವರ್ಷಗಟ್ಟಲೆ ನಡೆಯುತ್ತದೆ. ಮೇಲೆ ತಾಮ್ರದ ಹೊದಿಕೆ, ಕೆಳಗೆ ಅಲ್ಯೂಮಿನಿಯಂ ಅಥವಾ ಜಿಐ ಹರಣಿ ಇದ್ದರೆ, ತಾಮ್ರದ ಮೇಲಿಂದ ಇಳಿಯುವ ನೀರು ಕೆಳಗಿನ ಲೋಹವನ್ನು ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತದೆ. ತೋಟದ ನಡುವಿನ ಮನೆಯಾದರೆ ಬೋರ್ಡೋ ಹೊಡೆದ ದಿನ ಮಾಡಿನ ಮೇಲೆ ಬಿದ್ದ ಸಿಂಪರಣೆಯನ್ನು ಅಂದೇ ನೀರು ಹಾಕಿ ತೊಳೆಸಿ. ಎರಡು ಲೋಹ ನೇರವಾಗಿ ತಾಗುವಲ್ಲಿ ಉಪ್ಪುನೀರು ಸೇರಿದರೆ ಕೆಲಸ ಇನ್ನೂ ಚುರುಕು. ಇದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ನ್ಯೂಯಾರ್ಕ್ ಬಂದರಿನ ಲಿಬರ್ಟಿ ಪ್ರತಿಮೆ. 2.4 ಮಿಲಿಮೀಟರ್ ದಪ್ಪದ ತಾಮ್ರದ ಹೊರಮೈ, ಒಳಗೆ ಕಬ್ಬಿಣದ ಪಟ್ಟಿಗಳ ಹಂದರ. ಇವೆರಡೂ ತಾಗದಿರಲೆಂದು ನಡುವೆ ಇಟ್ಟ ಪದರ ಕಾಲಕ್ರಮದಲ್ಲಿ ಹಾಳಾಯಿತು. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ತಾಮ್ರವನ್ನೂ ಎಳೆದು ಹರಿಯಿತು. 1984ರಿಂದ 1986ರವರೆಗೆ ನಡೆದ ದುರಸ್ತಿಯಲ್ಲಿ ಆ ಕಬ್ಬಿಣದ ಪಟ್ಟಿಗಳನ್ನು ತೆಗೆದು 316 ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯಿತು. ನೂರು ವರ್ಷದ ಹೊತ್ತಿಗೆ ತಾಮ್ರ ಬಹುಪಾಲು ಗಟ್ಟಿಯಾಗೇ ಇತ್ತು, ಸೋತದ್ದು ಜೋಡಣೆ.

ಇಷ್ಟು ತಿಳಿದ ಮೇಲೆ ಅಂಗಡಿಗೆ ಹೋಗೋಣ.

ಮೊದಲು ಸಿಗುವುದು ಜಿಐ. ಸಮುದ್ರಕ್ಕೆ ಐದಾರು ಕಿಲೋಮೀಟರಿಗಿಂತ ಹತ್ತಿರದ ಮನೆಯ ಸಂದಿಗೆ ಅದು ಬೇಡವೇ ಬೇಡ. ಬಣ್ಣ ಬಳಿದರೆ ಆಗುತ್ತದಲ್ಲ ಎನ್ನುವವರಿದ್ದಾರೆ. ಬಣ್ಣ ಮಡಿಕೆಯಲ್ಲಿ, ಕತ್ತರಿಸಿದ ಅಂಚಿನಲ್ಲಿ ಮೊದಲು ಬಿಡುತ್ತದೆ. ಫ್ಲಾಶಿಂಗ್ ಎಂದರೆ ಮಡಿಕೆ ಮತ್ತು ಅಂಚು ತಾನೆ?

ಎರಡನೆಯದು ಗ್ಯಾಲ್ವಲ್ಯೂಮ್ ಎಂದು ಕರೆಯುವ ತಗಡು. ಉಕ್ಕಿನ ಮೇಲಿನ ಲೇಪದಲ್ಲಿ ತೂಕದ ಲೆಕ್ಕಕ್ಕೆ ಶೇಕಡ 55 ಅಲ್ಯೂಮಿನಿಯಂ, 43.4 ಸತು, 1.6 ಸಿಲಿಕಾನ್. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಈ ಲೇಪ ಬರಿಯ ಸತುವಿಗಿಂತ ಎಷ್ಟೋ ಪಟ್ಟು ಬಾಳುತ್ತದೆ. ಈಗ ಮಂಗಳೂರು, ಉಡುಪಿಗಳಲ್ಲಿ ಟೆರೇಸಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಹಾಕುವ ಬಣ್ಣದ ಶೀಟುಗಳಲ್ಲಿ ಬಹುಪಾಲು ಇಂಥವೇ. ಶೀಟಿನ ಮಾಡಿಗೆ ಅದೇ ಶೀಟಿನ ಕಂಪನಿಯ, ಅದೇ ಲೇಪದ ಫ್ಲಾಶಿಂಗ್ ಹಾಕಿ. ಲೇಪ 150 ದರ್ಜೆಗಿಂತ ಕಡಿಮೆ ಬೇಡ. ಆದರೆ ಅದರ ಮಿತಿ ತಿಳಿದಿರಲಿ. ಹಸಿ ಸಿಮೆಂಟು ತಾಗಿದರೆ ಲೇಪದ ಅಲ್ಯೂಮಿನಿಯಂ ಕರಗುತ್ತದೆ. ತಾಮ್ರ, ಸೀಸ ತಾಗಬಾರದು. ಅಲೆ ಒಡೆಯುವ ದಡದ ಸಮೀಪವಾದರೆ ಕಂಪನಿಯ ಗ್ಯಾರಂಟಿಯೇ ಅನ್ವಯಿಸದಿರಬಹುದು. ಗ್ಯಾರಂಟಿ ಕಾಗದದ ಹಿಂಬದಿಯ ಸಣ್ಣ ಅಕ್ಷರಗಳನ್ನು ಹಣ ಕೊಡುವ ಮೊದಲು ಓದಿ.

ಮೂರನೆಯದು ಅಲ್ಯೂಮಿನಿಯಂ. ಕರಾವಳಿಯ ಸಾಮಾನ್ಯ ಮನೆಗೆ ನನ್ನ ಮೊದಲ ಸಲಹೆ ಇದೇ. ಗಾಳಿಗೆ ಒಡ್ಡಿದ ಕೂಡಲೇ ಅದರ ಮೈ ಮೇಲೆ ತೆಳುವಾದ, ಗಟ್ಟಿಯಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಗೀಚಿದರೆ ಮತ್ತೆ ಕಟ್ಟುತ್ತದೆ. 3003 ಅಥವಾ ದೋಣಿ ಕಟ್ಟಲು ಬಳಸುವ 5052 ಮಿಶ್ರಲೋಹ ಕೇಳಿ. ದಪ್ಪ 22 ಗೇಜ್, ಅಂದರೆ 0.7 ಮಿಲಿಮೀಟರ್, ಒಳಮೂಲೆಗೆ 20 ಗೇಜ್, ಅಂದರೆ 0.9. ಬೆಲೆ ಕೇಳಿ ಹೌಹಾರಬೇಡಿ. ಅಂಗಡಿಯವನು ಕಿಲೋ ಲೆಕ್ಕದಲ್ಲಿ ಹೇಳುತ್ತಾನೆ, ಮಾಡು ಮುಚ್ಚುವುದು ಚದರ ಅಡಿಯ ಲೆಕ್ಕದಲ್ಲಿ. ಹತ್ತು ಮೀಟರ್ ಉದ್ದ, ಒಂದಡಿ ಅಗಲದ ಪಟ್ಟಿಗೆ 0.9 ಮಿಲಿಮೀಟರಿನ ಅಲ್ಯೂಮಿನಿಯಂ ಏಳೂವರೆ ಕಿಲೋ ಸಾಕು. ಅರ್ಧ ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲಾದರೆ ಹನ್ನೆರಡು ಕಿಲೋ. 0.6ರ ತಾಮ್ರವಾದರೆ ಹದಿನಾರು ಕಿಲೋ. ಹೀಗೆ ಲೆಕ್ಕ ಹಾಕಿದ ಮೇಲೆ ಹೋಲಿಸಿ.

ಅಲ್ಯೂಮಿನಿಯಂಗೆ ಎರಡು ದೌರ್ಬಲ್ಯ. ಒಂದು, ಸುಣ್ಣ ಮತ್ತು ಸಿಮೆಂಟು. ಗೋಡೆಯ ಗಾರೆಯೊಳಕ್ಕೆ ಸೇರಿಸುವ ಅಂಚಿಗೆ ಬಿಟುಮಿನ್ ಬಣ್ಣ ಎರಡು ಕೋಟು ಬಳಿದು ಒಣಗಿಸಿಯೇ ಸೇರಿಸಬೇಕು. ಇನ್ನೊಂದು, ಅದು ಬಿಸಿಲಿಗೆ ಹಿಗ್ಗುವ ಪರಿ. ಮೂರು ಮೀಟರ್ ಉದ್ದದ ಪಟ್ಟಿ 50 ಡಿಗ್ರಿ ಬಿಸಿ ಏರಿದರೆ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿಗೆ ಸ್ಕ್ರೂ ಬಿಗಿದಿದ್ದರೆ ಹಿಗ್ಗಲು ಜಾಗವಿಲ್ಲದೆ ಪಟ್ಟಿ ಉಬ್ಬುತ್ತದೆ, ಕುಗ್ಗುವಾಗ ತೂತು ಅಗಲವಾಗುತ್ತದೆ. ನೀರು ಬರುವುದು ಆ ತೂತಿನಿಂದ. ಒಂದು ತುಂಡು ಮೂರು ಮೀಟರ್ ಮೀರದಿರಲಿ. ಒಂದು ತುದಿ ಬಿಗಿ, ಇನ್ನೊಂದು ತುದಿ ಮುಂದಿನ ತುಂಡಿನ ಮೇಲೆ ಸಡಿಲವಾಗಿ ಕೂರಲಿ. ಈ ಮಾತು ಕರಾವಳಿಗಿಂತ ಸಂಭಾಜಿನಗರಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ತಗಡಿನ ಹಗೆ ಉಪ್ಪಲ್ಲ, ಬಿಸಿಲು. ಬೇಸಿಗೆಯ ಮಧ್ಯಾಹ್ನಕ್ಕೂ ಚಳಿಗಾಲದ ನಸುಕಿಗೂ ನಡುವೆ ತಗಡಿನ ಬಿಸಿ ಅರವತ್ತು ಡಿಗ್ರಿಯಷ್ಟು ಏರಿಳಿಯಬಹುದು.

ನಾಲ್ಕನೆಯದು ಸ್ಟೇನ್‌ಲೆಸ್ ಸ್ಟೀಲ್. ಹೆಸರಿನಲ್ಲೇ ತುಕ್ಕಿಲ್ಲ ಎಂದಿದೆಯಲ್ಲ ಎಂದು ಮೋಸಹೋಗುವುದು ಇಲ್ಲೇ. ಮಾರುಕಟ್ಟೆಯಲ್ಲಿ ಮೂರು ದರ್ಜೆ ಓಡಾಡುತ್ತವೆ. 202ರಲ್ಲಿ ನಿಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್. ಗೇಟು, ಕಟಕಟೆಗಳಿಗೆ ಅಗ್ಗಕ್ಕೆ ಸಿಗುತ್ತದೆ, ಕರಾವಳಿಯಲ್ಲಿ ಬೇಗ ತುಕ್ಕಿನ ಚುಕ್ಕೆ ತೋರುತ್ತದೆ. 304ರಲ್ಲಿ ಶೇಕಡ 18 ಕ್ರೋಮಿಯಂ, 8 ನಿಕಲ್. ಒಳನಾಡಿಗೆ ಭೇಷ್, ದಡದಲ್ಲಿ ಚಹಾದ ಬಣ್ಣದ ಕಲೆ ಕೂರುತ್ತದೆ. 316ರಲ್ಲಿ ಶೇಕಡ 2ರಿಂದ 3 ಮಾಲಿಬ್ಡಿನಂ ಸೇರಿದೆ. ಉಪ್ಪನ್ನು ತಡೆಯುವ ದರ್ಜೆ ಇದೇ. ಆಯಸ್ಕಾಂತ ಹಿಡಿದು ನೋಡಿದೆ, ಹಿಡಿಯಲಿಲ್ಲ, ಒಳ್ಳೆ ಸ್ಟೀಲು ಎನ್ನುವ ಪರೀಕ್ಷೆ ಇಲ್ಲಿ ಸುಳ್ಳು. ಆಯಸ್ಕಾಂತಕ್ಕೆ 202 ಕೂಡ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ. 316 ಹಂಚಿನ ಮಾಡಿಗೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಪಕ್ಕದಲ್ಲಿರುವುದು ಸುಟ್ಟ ಮಣ್ಣು. ಗ್ಯಾಲ್ವಲ್ಯೂಮ್ ಶೀಟಿನ ಮೇಲೆ ಸ್ಟೇನ್‌ಲೆಸ್ ಪಟ್ಟಿ ಕೂರಿಸಿದರೆ ಮಾತ್ರ ಪಟ್ಟಿ ಉಳಿದು ಶೀಟು ಹೋಗುತ್ತದೆ.

ಐದನೆಯದು ತಾಮ್ರ. ಅದು ಬಾಳುವ ಬಗೆಯನ್ನು ನಮ್ಮ ಕರಾವಳಿಯ ದೇವಸ್ಥಾನಗಳು ತೋರಿಸಿವೆ. ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯ ಮೇಲಿನ ಅಂತಸ್ತಿನ ಇಳಿಮಾಡು ಮರದ್ದು, ಅದಕ್ಕೆ ತಾಮ್ರದ ಹೊದಿಕೆ. ಎಷ್ಟೋ ಗರ್ಭಗುಡಿಗಳ ಮಾಡಿಗೂ ಇದೇ ಹೊದಿಕೆ. ಮನೆಗೆ ತಾಮ್ರ ಹಾಕುವ ಶಕ್ತಿ ಇದ್ದರೆ ಹಾಕಿ. ಆದರೆ ಆಗ ಮೊಳೆಯೂ ತಾಮ್ರದ್ದು ಅಥವಾ ಹಿತ್ತಾಳೆಯದು, ಹರಣಿಯೂ ತಾಮ್ರದ್ದು ಇರಬೇಕು. ಅರ್ಧ ತಾಮ್ರ, ಅರ್ಧ ಅಲ್ಯೂಮಿನಿಯಂ ಎಂಬ ರಾಜಿ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಬಳಸುವ ಸೀಸದ ಹಾಳೆ ಇಲ್ಲಿ ಬೇಡ. ಸೀಸ ನೀರಿಗಿಳಿದರೆ ವಿಷ, ಮಾಡಿನ ನೀರನ್ನು ಟ್ಯಾಂಕಿಗೆ, ಬಾವಿಗೆ ಬಿಡುವ ಮನೆಗಳು ನಮ್ಮವು.

ಕೊನೆಯದು ಅಂಟುಪಟ್ಟಿ ಮತ್ತು ಸೀಲೆಂಟು. ಬೆಳ್ಳಿ ಬಣ್ಣದ ಹಾಳೆ ಮೆತ್ತಿದ ಡಾಂಬರು ಪಟ್ಟಿ ಅಂಟಿಸಿದ ದಿನ ಸೋರಿಕೆ ನಿಲ್ಲುತ್ತದೆ, ಬಿಸಿಲಿಗೆ ಕ್ರಮೇಣ ಬಿಡುತ್ತದೆ. ಬ್ಯೂಟೈಲ್ ಪಟ್ಟಿ ಅದಕ್ಕಿಂತ ಮೇಲು. ಸಿಲಿಕೋನ್ ಟ್ಯೂಬು ಒತ್ತಿದಾಗ ವಿನೆಗರಿನ ವಾಸನೆ ಬಂದರೆ ಅದು ಆಮ್ಲ ಬಿಡುವ ಜಾತಿ. ಲೋಹದ ಮೇಲೆ ಬೇಡ, ನ್ಯೂಟ್ರಲ್ ಜಾತಿಯದನ್ನು ಕೇಳಿ. ಏನೇ ಆದರೂ ಇವು ತಗಡಿನ ಜೊತೆಗೆ ಬೇಕಾದ ಸಹಾಯ, ತಗಡಿನ ಬದಲಿಗೆ ಅಲ್ಲ.

ಲೋಹ ಒಳ್ಳೆಯದಿದ್ದೂ ಕೂರಿಸಿದ ರೀತಿ ಕೆಟ್ಟರೆ ಹಣ ನೀರುಪಾಲು. ನಾಶಿಕದ ಹೊಸ ಮನೆಗಳು ಬಹುತೇಕ ಸಮತಟ್ಟು ಟೆರೇಸಿನವು. ಅಲ್ಲಿ ಇಟ್ಟಿಗೆ ಚೂರಿನ ಕೋಬಾ ಹಾಸಿ, ಕೈಪಿಡಿ ಗೋಡೆಯ ಬುಡಕ್ಕೆ ಸಿಮೆಂಟನ್ನು ದುಂಡಗೆ ಎಳೆದರೆ ಬಹಳಷ್ಟು ಕೆಲಸ ಮುಗಿಯಿತು. ಅದನ್ನೇ ನೋಡಿ ಅಭ್ಯಾಸವಾದವರು ಊರಿನ ಇಳಿಮಾಡಿಗೂ ಗೋಡೆಯ ಪಕ್ಕದಲ್ಲಿ ಸಿಮೆಂಟು ಮೆತ್ತಿಸುತ್ತಾರೆ. ಮಾಡು ಅಲುಗುತ್ತದೆ, ಗೋಡೆ ಅಲುಗುವುದಿಲ್ಲ. ಮೊದಲ ಬೇಸಿಗೆಗೇ ಕೂದಲೆಳೆಯ ಬಿರುಕು. ಇಳಿಮಾಡಿಗೆ ತಗಡೇ ಬೇಕು. ಅದು ಗೋಡೆಯ ಮೇಲೆ ಕನಿಷ್ಠ ಆರು ಇಂಚು ಏರಿರಬೇಕು, ಮೇಲಂಚು ಗೋಡೆಯಲ್ಲಿ ಒಂದಿಂಚು ಆಳಕ್ಕೆ ಕೊರೆದ ಗೀಟಿನೊಳಗೆ ಕೂತಿರಬೇಕು. ಕೆಂಪು ಕಲ್ಲಿನ, ಅಂದರೆ ಮುರಕಲ್ಲಿನ ಗೋಡೆಗೆ ಇನ್ನೂ ಒಂದು ಎಚ್ಚರ ಬೇಕು. ಮುರಕಲ್ಲು ನೀರು ಕುಡಿಯುತ್ತದೆ; ಸಾರಣೆ ಇಲ್ಲದಿದ್ದರೆ ನೀರು ಕಲ್ಲಿನೊಳಗಿಂದಲೇ ಇಳಿದು ತಗಡಿನ ಬೆನ್ನ ಹಿಂದೆ ಬರುತ್ತದೆ. ತಗಡು ಕೂರಿಸುವ ಮೊದಲು ಮೇಲಿನ ಗೋಡೆಗೆ ಸಾರಣೆ ಆಗಿರಲಿ.

ಹಂಚಿನ ಮನೆಯಲ್ಲಿ ಒಳಮೂಲೆಯೇ ಮರ್ಮ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಹಂಚಿಗೆ ಹಂಚು ಕೊಕ್ಕೆ ಹಾಕಿ ಕೂರುತ್ತದೆ, ನೆತ್ತಿಗೂ ತಕ್ಕ ಹಂಚಿದೆ. ಒಳಮೂಲೆಯಲ್ಲಿ ಮಾತ್ರ ಹಂಚನ್ನು ಓರೆಯಾಗಿ ಕತ್ತರಿಸಲೇಬೇಕು, ಕೆಳಗೆ ತಗಡಿನ ದೋಣಿ ಬೇಕೇ ಬೇಕು. ನಾಲ್ಕು ಸುತ್ತಿನ ಹಳೆಯ ಮನೆಗಳಲ್ಲಿ ಅಂಗಳದ ಸುತ್ತ ಇಂಥ ಮೂಲೆಗಳು ನಾಲ್ಕು. ನಾಶಿಕದ ಹಳೆಯ ವಾಡೆಗಳ ಚೌಕದಲ್ಲೂ ಹಾಗೆಯೇ. ಎರಡು ಇಳಿಜಾರುಗಳ ನೀರು ಒಟ್ಟಿಗೆ ಓಡುವ ಜಾಗ ಅದು. ತಗಡು ಎರಡೂ ಬದಿ ಹಂಚಿನಡಿಗೆ ಆರರಿಂದ ಎಂಟು ಇಂಚು ಹೋಗಿರಲಿ, ಎರಡೂ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿರಲಿ. ಆ ಮಡಿಕೆ ಇಲ್ಲದಿದ್ದರೆ ರಭಸದ ನೀರು ಅಂಚು ದಾಟಿ ಪಕ್ಕಾಸಿನ ಮೇಲೆ ಇಳಿಯುತ್ತದೆ. ತುಂಡುಗಳ ಜೋಡಣೆಯಲ್ಲಿ ಮೇಲಿನದು ಕೆಳಗಿನದರ ಮೇಲೆ ಆರು ಇಂಚು ಬರಲಿ. ನೆತ್ತಿಯಲ್ಲಿ ಜೋಡಣೆಯ ಬಾಯಿ ನೈಋತ್ಯಕ್ಕೆ ತೆರೆದಿರಬಾರದು. ಮಳೆಗಾಲದ ಆಟಿ ತಿಂಗಳ ಗಾಳಿ ಬರುವುದು ಆ ಕಡೆಯಿಂದಲೇ.

ಕೆಲಸ ನಡೆಯುವ ದಿನ ಮನೆಯವರೊಬ್ಬರು ಸ್ಥಳದಲ್ಲಿದ್ದರೆ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ತಗಡನ್ನು ಗ್ರೈಂಡರಿನಲ್ಲಿ ಕತ್ತರಿಸಿದರೆ ಅಂಚಿನ ಲೇಪ ಸುಡುತ್ತದೆ. ಹಾರುವ ಕಿಡಿ ಪಕ್ಕದ ಶೀಟಿನಲ್ಲಿ ನೆಟ್ಟು ಮರುವಾರ ಕೆಂಪು ಚುಕ್ಕೆಯಾಗುತ್ತದೆ. ತಗಡಿನ ಕತ್ತರಿಯಿಂದಲೇ ಕತ್ತರಿಸಲಿ. ಡ್ರಿಲ್ಲಿನ ಪುಡಿಯನ್ನು ಸಂಜೆಯೊಳಗೆ ಗುಡಿಸಲಿ. ಗುರುತು ಹಾಕಲು ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್ ಬೇಡ. ಪೆನ್ಸಿಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್. ಉಪ್ಪಿನ ತೇವದಲ್ಲಿ ಅದು ತಾಮ್ರದಂತೆಯೇ ವರ್ತಿಸಿ, ಅಲ್ಯೂಮಿನಿಯಂ ಲೇಪವನ್ನು ಗೆರೆ ಎಳೆದಷ್ಟುದ್ದ ತಿನ್ನುತ್ತದೆ. ಮಾರ್ಕರ್ ಪೆನ್ನು ಕೊಡಿ. ಸ್ಕ್ರೂವಿನ ತಲೆಯಡಿ ರಬ್ಬರ್ ವಾಷರ್ ಇದೆಯೇ, ಅತಿ ಬಿಗಿಯಾಗಿ ಚಪ್ಪಟೆಯಾಗಿದೆಯೇ ನೋಡಿ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ನಡೆಯುತ್ತದೆ, ಯಾಕೆಂದರೆ ದೊಡ್ಡ ಪಟ್ಟಿಯ ಎದುರು ಸ್ಕ್ರೂ ಚಿಕ್ಕದು. ತಾಮ್ರದ ಪಟ್ಟಿಗೆ ಕಬ್ಬಿಣದ ಮೊಳೆ ಹೊಡೆದರೆ ಆ ಚಿಕ್ಕ ಮೊಳೆಯೇ ಕರಗಿಹೋಗುತ್ತದೆ.

ಆಮೇಲಿನ ನಿರ್ವಹಣೆ ಸುಲಭ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯೊಳಗೆ ಒಮ್ಮೆ ಮಾಡು ಹತ್ತಿಸಿ ಒಳಮೂಲೆಯ ತರಗೆಲೆ ತೆಗೆಸಿ. ಕೊಳೆತ ಎಲೆಯಡಿ ತಗಡು ಎಂದೂ ಒಣಗುವುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ತಿಂಗಳಿಗೊಮ್ಮೆ ಸೂರಿನ ಅಡಿಭಾಗಕ್ಕೆ, ಮಳೆ ತೊಳೆಯದ ಜಾಗಕ್ಕೆ ಬಾವಿಯ ಸಿಹಿನೀರನ್ನು ಪೈಪಿನಲ್ಲಿ ಹಾರಿಸಿ. ಬಾವಿಯ ನೀರೇ ಉಪ್ಪಾಗಿದ್ದರೆ ಮಾತ್ರ ಬೇಡ.

ನಾಶಿಕದಲ್ಲೋ ಸಂಭಾಜಿನಗರದಲ್ಲೋ ಕುಳಿತು ಫೋನಿನಲ್ಲಿ ಮನೆ ಕಟ್ಟಿಸುವವರು ಕಂಟ್ರಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಮೂರು. ಮನೆ ಅಲೆಯಿಂದ ಎಷ್ಟು ದೂರ? ಫ್ಲಾಶಿಂಗಿನ ಲೋಹ ಯಾವುದು, ದರ್ಜೆ ಯಾವುದು, ದಪ್ಪ ಎಷ್ಟು? ಅದಕ್ಕೆ ತಾಗುವ ಸ್ಕ್ರೂ, ಹರಣಿ, ಶೀಟು ಯಾವ ಲೋಹದ್ದು? ಮೂರಕ್ಕೂ ಉತ್ತರವನ್ನು ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿ ಬರೆಸಿದ ಮೇಲೆಯೇ ಮುಂಗಡ ಕಳಿಸಿ. ಹಣ ಸಾಲದಿದ್ದರೆ ನೆಲದ ಟೈಲ್ಸು ಒಂದು ದರ್ಜೆ ಇಳಿಸಿ, ಗೇಟನ್ನು ಮುಂದಿನ ವರ್ಷಕ್ಕೆ ಇಡಿ. ಟೈಲ್ಸನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸಂದಿನ ತಗಡು ಬದಲಿಸಲು ಅದರ ಮೇಲಿನ ಹಂಚು, ಗೋಡೆಯ ಗಾರೆ, ಕೆಲವೊಮ್ಮೆ ರೀಪನ್ನೂ ಕಿತ್ತು ಹೊಸದಾಗಿ ಹಾಕಬೇಕು. ಇಡೀ ಮಾಡಿನ ಖರ್ಚಿನಲ್ಲಿ ಫ್ಲಾಶಿಂಗಿನ ಪಾಲು ಚಿಕ್ಕದು. ಆದ್ದರಿಂದ ಮಾಡಿಗೆ ಹೊಂದುವ ಲೋಹಗಳ ಪೈಕಿ ಅತಿ ಬಾಳಿಕೆಯದನ್ನು ಸಂದಿಗೇ ಹಾಕಿಸಿ.